ನಮ್ಮೂರ ಸರ್ಕಾರಿ ಪ್ರೈಮರಿ ಸ್ಕೂಲು: ಮಗಳನ್ನ ಮೂರು ವರ್ಷ ಕಳಿಸಿದ ಮೇಲೆ ಬರೀತಿರೋ ರಿವ್ಯೂ

ಗೌರ್ಮೆಂಟ್ ಸ್ಕೂಲಿಗೆ ಹಾಕ್ಬೋದಾ ಅಂತ ಸುಮಾರು ಜನ ನನ್ನ ಕೇಳ್ತಿರ್ತಾರೆ, ಅವರಿಗೋಸ್ಕರ ಇದು. ತುಮಕೂರು ಕಡೆ ಒಂದು ಹಳ್ಳಿ ನಮ್ದು, ಸ್ಕೂಲಿನ ಹೆಸರು ಹಾಕಲ್ಲ, ಅಲ್ಲಿರೋ ಟೀಚರುಗಳಿಗೆ ನನ್ನಿಂದ ತೊಂದ್ರೆ ಆಗಬಾರದು. ಒಂದರಿಂದ ಐದನೇ ಕ್ಲಾಸ್ ತನಕ ಇದೆ, ಈಗ ಒಟ್ಟು 38 ಮಕ್ಕಳು, ನನ್ನ ಮಗಳು ನಾಲ್ಕನೇ ಕ್ಲಾಸು.

ಕಲಿಸೋದಕ್ಕೆ ನಾನು 5ಕ್ಕೆ 4 ಕೊಡ್ತೀನಿ. ಒಂದರಿಂದ ಮೂರರ ತನಕ ನಲಿಕಲಿ, ಅಂದ್ರೆ ಕಾರ್ಡುಗಳನ್ನ ಇಟ್ಕೊಂಡು ಪ್ರತಿ ಮಗು ತನ್ನ ವೇಗದಲ್ಲಿ ಆಟ ಆಡ್ತಾ ಕಲಿಯೋ ಪದ್ಧತಿ. ಮೂರು ಕ್ಲಾಸಿನ ಮಕ್ಕಳೂ ಒಂದೇ ರೂಮಲ್ಲಿ ಗುಂಪು ಗುಂಪಾಗಿ ಕೂತಿರ್ತಾರೆ, ಗೋಡೆ ಸುತ್ತ ಮಕ್ಕಳ ಕೈಗೆ ಎಟುಕೋ ಹಾಗೆ ಕಪ್ಪು ಬಳಿದಿದಾರೆ, ಮೇಲೆ ದಾರದ ಚಪ್ಪರದಲ್ಲಿ ಅವರು ಬಿಡಿಸಿದ ಚಿತ್ರಗಳು ನೇತಾಡ್ತಿರ್ತವೆ. ಸೇರಿಸಿದ ಹೊಸದ್ರಲ್ಲಿ ನಮ್ಮತ್ತೆಗೆ ಒಂದೇ ಚಿಂತೆ, ಮಗುಗೆ ಅ ಆ ಇ ಈ ಬರಲ್ಲ ಅಂತ. ನಲಿಕಲೀಲಿ ಶುರು ಮಾಡೋದೇ ರ ಗ ಸ ದ ಅ ಇಂದ, ಅದು ನನಗೂ ಆಗ ಗೊತ್ತಿರ್ಲಿಲ್ಲ. ಸ್ವಲ್ಪ ದಿನಕ್ಕೇ ಅರಸ, ಅಗಸ, ಗರಗಸ ಅಂತ ತಾನೇ ಕೂಡಿಸಿ ಬರೆದು ಅವರಜ್ಜಿಗೆ ಓದಿ ಹೇಳಿದ್ಲು, ಅತ್ತೆ ಆ ಸ್ಲೇಟ್ ಅಳಿಸೋಕೆ ಬಿಡ್ಲಿಲ್ಲ. ಎರಡನೇ ಕ್ಲಾಸಲ್ಲಿ ಅಮ್ಮ (ಚಿಕನ್ ಪಾಕ್ಸ್) ಆಗಿ ಹದಿನೈದು ದಿನ ಮನೇಲಿದ್ಲು, ವಾಪಸ್ ಹೋದಾಗ ಎಲ್ಲಿ ಬಿಟ್ಟಿದ್ಲೋ ಅದೇ ಕಾರ್ಡಿಂದ ಟೀಚರ್ ಮುಂದುವರ್ಸಿದ್ರು, ಏನೂ ತಪ್ಪಿ ಹೋಗ್ಲಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಆಂಧ್ರದ ಋಷಿ ವ್ಯಾಲಿ ಶಾಲೆಯೋರ ಪದ್ಧತಿ ನೋಡ್ಕೊಂಡು ನಮ್ಮ ಸರ್ಕಾರಿ ಶಾಲೆಗಳಿಗೆ ಹೊಂದೋ ಹಾಗೆ ಶುರು ಮಾಡಿದ್ದಂತೆ ಇದು, ಯಾರು ಕೂತು ಯೋಚ್ನೆ ಮಾಡಿದ್ರೋ ಅವರಿಗೆ ನನ್ನ ನಮಸ್ಕಾರ.

ಊಟದ ಬಗ್ಗೆ ದೂರಿಲ್ಲ. ಹಾಲು ಕೊಡ್ತಾರೆ, ಬಿಸಿಯೂಟ ಅಲ್ಲೇ ಬೇಯ್ಸೋದು, ಮೊಟ್ಟೆ ಮೊದ್ಲು ವಾರಕ್ಕೆ ಎರಡಿತ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡೂ ಸೇರಿ ಆರು ದಿನಕ್ಕಾಯ್ತು. ಮೊಟ್ಟೆ ತಿನ್ನದೇ ಇರೋ ಮಕ್ಕಳಿಗೆ ಬಾಳೆಹಣ್ಣು.

ಈಗ ಎಲ್ಲಿ ಹೊಟ್ಟೆ ಉರಿಯತ್ತೆ ಅಂದ್ರೆ ಟೀಚರ್ ಲೆಕ್ಕದಲ್ಲಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಐದನೇ ಕ್ಲಾಸ್ ತನಕ 60 ಮಕ್ಕಳವರೆಗೆ ಇಬ್ಬರು ಟೀಚರ್, 61 ಆದ್ರೆ ಮೂರು. ನನ್ನ ಮಗಳು ಸೇರಿದ ವರ್ಷ 64 ಮಕ್ಕಳಿದ್ರು, ಮೂವರು ಟೀಚರ್ ಇದ್ರು. ಆಮೇಲೆ ಟೌನಿನ ಕಾನ್ವೆಂಟ್ ವ್ಯಾನು ನಮ್ಮೂರಿಗೆ ಬರೋಕೆ ಶುರುವಾಯ್ತು, ಇಂಗ್ಲಿಷ್ ಮೀಡಿಯಂ ಅಂತ ಹತ್ತು ಮಕ್ಕಳು ಹೋದ್ರು, ತಕ್ಷಣ ಮೂರನೇ ಟೀಚರ್ ಹೆಚ್ಚುವರಿ ಅಂತ ಲೆಕ್ಕ ಹಾಕಿ ಬೇರೆ ಕಡೆ ಹಾಕಿದ್ರು, ಇಬ್ಬರೇ ಟೀಚರ್ ಐದು ಕ್ಲಾಸು ಹೆಂಗ್ ನೋಡ್ತಾರೆ ಅಂತ ಇನ್ನೊಂದಿಷ್ಟು ಜನ ಮಕ್ಕಳನ್ನ ಬಿಡಿಸಿದ್ರು. ಅಂದ್ರೆ ಮಕ್ಕಳು ಹೋದ್ರು ಅಂತ ಟೀಚರ್ ಹೋಗ್ತಾರೆ, ಟೀಚರ್ ಹೋದ್ರು ಅಂತ ಮಕ್ಕಳು ಹೋಗ್ತಾರೆ. ಬಿಡಿಸಿದೋರನ್ನ ನಾನು ಬೈಯಲ್ಲ, ಅವರ ಮಕ್ಕಳ ಭವಿಷ್ಯ ಅವರಿಗೂ ಮುಖ್ಯ ಅಲ್ವಾ. ಆದ್ರೆ ತಲೆ ಎಣಿಸಿ ಟೀಚರ್ ಕೊಡೋ ಬದ್ಲು ಕ್ಲಾಸಿಗೊಬ್ಬರು ಅಂತ ಕೊಡೋ ತನಕ ಇದು ನಿಲ್ಲಲ್ಲ.

ಇರೋ ಇಬ್ಬರಿಗೂ ಪಾಠ ಒಂದೇ ಕೆಲ್ಸ ಅಲ್ಲ. ಒಬ್ಬರು ಟ್ರೈನಿಂಗ್ ಹೋದ್ರೆ ಇನ್ನೊಬ್ಬರು ಐದು ಕ್ಲಾಸನ್ನೂ ಹಿಡ್ಕೊಂಡು ಆನ್‌ಲೈನ್ ಎಂಟ್ರಿ, ಮೊಟ್ಟೆ ಲೆಕ್ಕ, ಎಲ್ಲಾ ನೋಡ್ಬೇಕು. 2025ರ ಸೆಪ್ಟೆಂಬರಲ್ಲಿ ಜಾತಿ ಸರ್ವೆ ಬಂದಾಗ ಇಬ್ಬರೂ ಮನೆ ಮನೆ ಸುತ್ತಿದ್ರು, ದಸರಾ ರಜ ಅಕ್ಟೋಬರ್ 18ರ ತನಕ ಹೋಯ್ತು. ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ನನ್ನ ಮಗಳ ಗಣಿತ ನಿಧಾನ ಆಗಿರೋದಕ್ಕೆ ಇದೇ ಕಾರಣ ಅನ್ನೋದು ನನ್ನ ಅನಿಸಿಕೆ, ಟೀಚರ್ ತಪ್ಪಲ್ಲ.

ಟಾಯ್ಲೆಟ್‌ಗೆ 5ಕ್ಕೆ 1. ಕಟ್ಟಡ ಇದೆ, ನೀರಿನ ಟ್ಯಾಂಕೂ ಇದೆ, ತೊಳೆಯೋರಿಲ್ಲ. ದೊಡ್ಡ ಹುಡುಗೀರು ಬೆಳಿಗ್ಗೆ ನೀರೇ ಕುಡೀದೆ ಹೋಗ್ತಾರೆ, ಇದನ್ನ ಬರೆಯೋಕೂ ಸಂಕಟ ಆಗತ್ತೆ.

ಎಸ್‌ಡಿಎಂಸಿ, ಅಂದ್ರೆ ಸ್ಕೂಲು ನೋಡ್ಕೊಳ್ಳೋ ಪೋಷಕರ ಕಮಿಟಿ ಬಗ್ಗೆ ಹೇಳ್ಲೇಬೇಕು. ಕಾಯ್ದೆ ಪ್ರಕಾರ ಕಮಿಟೀಲಿ ಮುಕ್ಕಾಲು ಭಾಗ ಪೋಷಕರು, ಅರ್ಧ ಭಾಗ ಹೆಂಗಸರು ಇರ್ಬೇಕು. ನಮ್ಮಲ್ಲಿ ಇದ್ವಿ, ಹೆಸರಿಗೆ. ಮೀಟಿಂಗ್ ಪುಸ್ತಕ ಮನೆಗೇ ಬರೋದು, ನಮ್ಮ ಯಜಮಾನ್ರು ತೋರಿಸಿದ ಕಡೆ ನಾನು ಸೈನ್ ಹಾಕ್ತಿದ್ದೆ. ಕಳೆದ ವರ್ಷ ಮೂರು ಜನ ತಾಯಂದಿರು ಸೇರಿ, ಇನ್ಮೇಲೆ ಸ್ಕೂಲಲ್ಲೇ ಕೂತು ಮೀಟಿಂಗ್ ಮಾಡಿ, ಹಣ ಎಷ್ಟು ಬಂತು ಎಷ್ಟು ಖರ್ಚಾಯ್ತು ಅಂತ ಓದಿ ಹೇಳಿ ಅಂದ್ವಿ. ಹೆಡ್‌ಮೇಷ್ಟ್ರು ಬೇಜಾರು ಮಾಡ್ಕೋತಾರೆ ಅಂದ್ಕೊಂಡಿದ್ವಿ, ಅವರಿಗೇ ಖುಷಿಯಾಯ್ತು, ಇಷ್ಟು ವರ್ಷ ಯಾರೂ ಬಂದು ಕೇಳಿರ್ಲಿಲ್ಲಮ್ಮ ಅಂದ್ರು. ಅತಿಥಿ ಶಿಕ್ಷಕರನ್ನ ಕೊಡಿ ಅಂತ ಅರ್ಜಿ ಬರೆದ್ವಿ, ನಿಮ್ಮಲ್ಲಿ ಹುದ್ದೆ ಖಾಲಿ ಇಲ್ಲ ಅಂತ ಉತ್ತರ ಬಂತು. ಈಗ ಇಪ್ಪತ್ತು ಮನೆಯೋರು ತಿಂಗಳಿಗೆ 300 ಹಾಕಿ ಊರಲ್ಲೇ ಡಿಗ್ರಿ ಮುಗ್ಸಿರೋ ಹುಡುಗೀಗೆ 6,000 ಕೊಡ್ತಿದೀವಿ, ಬೆಳಿಗ್ಗೆ ಹೊತ್ತು ಬಂದು ನಾಲ್ಕು ಐದನೇ ಕ್ಲಾಸಿಗೆ ಗಣಿತ ಹೇಳ್ಕೊಡ್ತಾಳೆ. ಸರ್ಕಾರ ಮಾಡ್ಬೇಕಾದ್ದನ್ನ ಕೂಲಿ ಮಾಡೋ ಮನೆಗಳು ಮಾಡ್ಬೇಕಾ ಅಂತ ಒಬ್ಬರು ಕೇಳಿದ್ರು, ಅವರು ಕೇಳಿದ್ದು ನ್ಯಾಯವಾಗೇ ಇತ್ತು. ಅರ್ಜಿ ಮತ್ತೆ ಹಾಕ್ತೀವಿ, ಈ ಸಲ ಟಾಯ್ಲೆಟ್ ತೊಳೆಯೋರ ವಿಷಯಾನೂ ಸೇರಿಸಿದೀವಿ.

ಸೇರಿಸೋ ಯೋಚ್ನೆ ಇದ್ರೆ ಯಾವತ್ತಾದ್ರೂ ಒಂದು ದಿನ ಬೆಳಿಗ್ಗೆ ಬಂದು ನಲಿಕಲಿ ರೂಮಲ್ಲಿ ಅರ್ಧ ಗಂಟೆ ಕೂತು ನೋಡಿ, ಟೀಚರ್ ಬೇಡ ಅನ್ನಲ್ಲ. ಟಾಯ್ಲೆಟ್ಟೂ ನೋಡ್ಕೊಂಡು ಹೋಗಿ.