ಡೈರಿ, ನಾಟಕ, ಚೀಟಿ: ಮೂರು ಸೆಕ್ಷನ್, ಒಂದೇ ಗೋವಿನ ಹಾಡು

ಎಂಟನೇ ಕ್ಲಾಸಿನ ಮೂರೂ ಸೆಕ್ಷನ್‌ಗೆ ಕನ್ನಡ ನಾನೇ. ಹಾಗಾಗಿ, ಎಲ್ಲರಿಗೂ ಕಥೆ ಗೊತ್ತಿರುವ ಗೋವಿನ ಹಾಡನ್ನು ಒಂದೊಂದು ಕಡೆ ಒಂದೊಂದು ಥರ ಮಾಡಿ ನೋಡಿದೆ.

ಎ ಸೆಕ್ಷನ್‌ಗೆ ಓದಿನ ಡೈರಿ. ‘ಅನ್ನಿಸಿದ್ದನ್ನು ಬರೆಯಿರಿ’ ಅಂದರೆ ಎಲ್ಲರೂ ಬರೆದದ್ದು ಗೈಡಿನ ಮಾತು: ಪುಣ್ಯಕೋಟಿಯ ಸತ್ಯನಿಷ್ಠೆ ನಮಗೆಲ್ಲ ಮಾದರಿ. ತಪ್ಪು ಅವರದಲ್ಲ, ಕೆಂಪು ಪೆನ್ನು ನನ್ನ ಕೈಲಿತ್ತು. ಅಂಕ ಹಾಕುವುದನ್ನು ಬಿಟ್ಟ ಮೇಲೆ, ಹಾಸ್ಟೆಲಿಗೆ ಬಿಟ್ಟು ಹೋದ ದಿನ ಅಮ್ಮ ತಿರುಗಿ ನೋಡಲಿಲ್ಲ ಎಂದು ಒಬ್ಬಳು ಎರಡು ಪುಟ ಬರೆದಳು. ಆದರೆ ವಾರವಾರ 42 ಡೈರಿ ಓದುವುದು ನನ್ನಿಂದಾಗದ ಮಾತು.

ಬಿ ಸೆಕ್ಷನ್‌ನಲ್ಲಿ ನಾಟಕ. ಹುಲಿಯಾಗಲು ಜಗಳ, ಕರುವಾಗಲು ಯಾರೂ ಇಲ್ಲ. ಗಣಿತದ ಮೇಷ್ಟ್ರು ಎರಡು ಸಲ ಕಿಟಕಿಯಲ್ಲಿ ಇಣುಕಿದರು. ಏಳು ಜನ ಆಡಿದರು, ಉಳಿದವರು ನಕ್ಕರು. ಓದಲು ತಡವರಿಸುವ ಹುಡುಗನೊಬ್ಬ ಮಾತ್ರ ಹುಲಿಯ ಮಾತನ್ನೆಲ್ಲ ರಾಗವಾಗಿ ಒಪ್ಪಿಸಿದ. ಅದೊಂದು ಲಾಭ.

ಸಿ ಸೆಕ್ಷನ್‌ಗೆ ಖರ್ಚಿಲ್ಲದ ಉಪಾಯ: ಹೆಸರಿಲ್ಲದ ಚೀಟಿಯಲ್ಲಿ ಒಂದೇ ಪ್ರಶ್ನೆ. ‘ಹುಲಿ ಮಾಂಸ ತಿನ್ನೋದು ತಪ್ಪಾ?’ ‘ಹಸು ಮತ್ತೆ ಕಾಡಿಗೆ ಹೊರಟಾಗ ಗೊಲ್ಲ ಎಲ್ಲಿದ್ದ?’ ‘ಹುಲಿ ಸಾಯೋದ್ಯಾಕೆ, ಸುಮ್ಮನೆ ಹೋಗಬಹುದಿತ್ತಲ್ಲ?’ ಇನ್ನೊಂದನ್ನು ಓದಿ ನಾನೇ ತಡೆದು ನಿಂತೆ: ‘ಹುಲಿಗೆ ಕೊಟ್ಟ ಮಾತು ದೊಡ್ಡದು, ಕರು ಏನೂ ಅಲ್ವಾ?’ ಉತ್ತರ ನನ್ನಲ್ಲಿರಲಿಲ್ಲ. ‘ಇದೆ ಸಾರ್’ ಎಂದು ಒಬ್ಬಳು ಪದ್ಯ ತಿರುವಿ, ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಸಾಲು ತೋರಿಸಿದಳು. ‘ಒಪ್ಪಿಸಿದರೆ ಮುಗೀತಾ?’ ಅಂದಿತು ಹಿಂದಿನ ಬೆಂಚು. ಎರಡು ಪೀರಿಯಡ್ ಅದರಲ್ಲೇ ಹೋಯಿತು.

ನನಗೆ ಮುಖ್ಯವಾದದ್ದು ಇದೇ. ಡೈರಿ ಮಕ್ಕಳನ್ನು ತಮ್ಮ ಮನೆಗೆ ಒಯ್ದಿತು, ನಾಟಕ ಗಲಾಟೆಗೆ. ಪುಸ್ತಕ ಮತ್ತೆ ತೆರೆಸಿದ್ದು ಚೀಟಿ. ಹತ್ತನೇ ಕ್ಲಾಸಿನಲ್ಲಿ ಪ್ರಥಮ ಭಾಷೆಯ 125 ಅಂಕದಲ್ಲಿ 100 ಲಿಖಿತ ಪರೀಕ್ಷೆಗೇ ಹೋಗುತ್ತದಲ್ಲ, ಇದೆಲ್ಲ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಿರುಪರೀಕ್ಷೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ’ಕ್ಕೆ ಸ್ವಂತ ಸ್ವಾರಸ್ಯ ಬರೆದವರು ಹೆಚ್ಚಾಗಿ ಸಿ ಸೆಕ್ಷನ್‌ನವರೇ.

ಮುಂದಿನ ಪದ್ಯಕ್ಕೆ ಮೊದಲು ಹಾಡಿಸುತ್ತೇನೆ, ಆಮೇಲೆ ಎಲ್ಲರಿಗೂ ಚೀಟಿ, ಡೈರಿ ಬೇಕಾದವರಿಗೆ. ಚೀಟಿಯಲ್ಲೂ ಕಾಟ ಇದ್ದೇ ಇದೆ. ಪ್ರತಿ ಸಲ ಐದಾರರಲ್ಲಿ ಒಂದೇ ಪ್ರಶ್ನೆ: ‘ಪಿ.ಟಿ. ಪೀರಿಯಡ್ ಯಾವಾಗ ಕೊಡ್ತೀರಿ?’