ನಾಯಿ ಕಚ್ಚಿದರೆ ಠಾಣೆಯೋ, ಕೋರ್ಟೋ, ಪಾಲಿಕೆಯೋ?

ಮೈಸೂರಿನ ಸರಸ್ವತಿಪುರಂನಲ್ಲಿ ಹಾಲು ತರಲು ಹೋದ ನಮ್ಮತ್ತೆಯ ಮೀನಖಂಡಕ್ಕೆ ಪಕ್ಕದ ಬೀದಿಯ ಸಾಕುನಾಯಿ ಬಾಯಿ ಹಾಕಿತು; ಸೀರೆಯಂಚಿನಲ್ಲಿ ನಾಲ್ಕು ತೂತು. ಮೊದಲು ಸೋಪು ಹಾಕಿ 15 ನಿಮಿಷ ನಲ್ಲಿ ನೀರು, ಆಮೇಲೆ ಕೆ.ಆರ್. ಆಸ್ಪತ್ರೆ. ಕಾನೂನು ಅದಾದ ಮೇಲೆ.

ಸಾಕುನಾಯಿಯಾದರೆ ಠಾಣೆಗೆ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಮಾಲೀಕರ ಅಲಕ್ಷ್ಯಕ್ಕೆ 6 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಆದರೆ ದಂಡ ಪರಿಹಾರವಲ್ಲ. ಚಿಕಿತ್ಸೆಯ ಖರ್ಚು, ತಪ್ಪಿದ ಕೂಲಿ, ಪಟ್ಟ ನೋವು ಎಲ್ಲಕ್ಕೂ ದುಡ್ಡು ಬೇಕೆಂದರೆ ಸಿವಿಲ್ ದಾವೆಯೇ ಗತಿ; ಚಪ್ಪಲಿ ಸವೆಯುತ್ತದೆ. ಗಾಯ ಚಿಕ್ಕದಾದರೆ ನಾನಂತೂ ದೂರಿಗೇ ನಿಲ್ಲುತ್ತೇನೆ.

ಬೀದಿನಾಯಿಗೆ ಮಾಲೀಕನೆಲ್ಲಿ? ಅರ್ಜಿ ಪಾಲಿಕೆಗೆ. 2025ರಲ್ಲಿ ರಾಜ್ಯ ಸರ್ಕಾರ ಗಾಯಕ್ಕೆ 5,000 ರೂ. (ಗಾಯಾಳುವಿನ ಕೈಗೆ 3,500, ಉಳಿದದ್ದು ಚಿಕಿತ್ಸೆಗೆ), ಸಾವಿಗೆ 5 ಲಕ್ಷ ನಿಗದಿ ಮಾಡಿತು. ಯಾವ ದಾರಿ ಹಿಡಿದರೂ ಆಸ್ಪತ್ರೆಯ ಚೀಟಿ ಕಳೆಯಬೇಡಿ.