ಕೋಲ್ಡ್ ಕಂಫರ್ಟ್ ಫಾರ್ಮ್: 1968ರದೋ, 1995ರದೋ?

ಸ್ಟೆಲ್ಲಾ ಗಿಬ್ಬನ್ಸ್ 1932ರಲ್ಲಿ ಬರೆದ ಈ ಹಾಸ್ಯ ಕಾದಂಬರಿಯನ್ನು ಬಿಬಿಸಿ ಎರಡು ಸಲ ಟೀವಿಗೆ ತಂದಿದೆ. 1968ರದು ತಲಾ 45 ನಿಮಿಷದ ಮೂರು ಕಂತು. 1995ರದು ಸುಮಾರು ಒಂದೂಮುಕ್ಕಾಲು ಗಂಟೆಯ ಒಂದೇ ಚಿತ್ರ. ಚಿತ್ರಕಥೆ ಮಾಲ್ಕಮ್ ಬ್ರಾಡ್‌ಬರಿ, ನಿರ್ದೇಶನ ಜಾನ್ ಶ್ಲೆಸಿಂಜರ್.

ಕಥೆ ಸರಳ. ಅಪ್ಪ ಅಮ್ಮನನ್ನು ಕಳೆದುಕೊಂಡ ಫ್ಲೋರಾ ಪೋಸ್ಟ್ ಇಂಗ್ಲೆಂಡಿನ ಸಸೆಕ್ಸ್‌ನ ನೆಂಟರ ಹೊಲಮನೆಗೆ ಬಂದು, ಅಲ್ಲಿಯ ಒಬ್ಬೊಬ್ಬರ ಬದುಕನ್ನೂ ಒಪ್ಪಮಾಡುತ್ತಾಳೆ. ಕಷ್ಟ ಇರುವುದು ಗದ್ಯದಲ್ಲಿ. ಹಳ್ಳಿಗಾಡಿನ ದುರಂತ ಕಾದಂಬರಿಗಳ ಉಬ್ಬಿದ ಭಾಷೆಯನ್ನು ಅಣಕಿಸಿದ ಗಿಬ್ಬನ್ಸ್, ತನ್ನ 'ಉತ್ತಮೋತ್ತಮ' ಪ್ಯಾರಾಗಳಿಗೆ ಪ್ರವಾಸಿ ಕೈಪಿಡಿಯಂತೆ ನಕ್ಷತ್ರ ಚಿಹ್ನೆ ಹಾಕಿದ್ದಾರೆ. ಆ ನಗುವನ್ನು ಕ್ಯಾಮೆರಾ ಹಿಡಿಯುವುದಾದರೂ ಹೇಗೆ?

1968ರವರು ನಿರೂಪಕಿಯನ್ನು ಇಟ್ಟುಕೊಂಡರು. ದನಿ ಜೋನ್ ಬೇಕ್‌ವೆಲ್ ಅವರದು. ಹೇಳುವ ದನಿ ಪಾತ್ರಗಳಿಂದ ಬೇರೆಯಾಗಿ ನಿಲ್ಲುವುದರಿಂದ ಅಣಕ ಅಣಕವಾಗಿಯೇ ಕೇಳಿಸುತ್ತದೆ. 1995ರಲ್ಲಿ ಉಬ್ಬಿದ ವಾಕ್ಯಗಳನ್ನು ಫ್ಲೋರಾಳೇ ಬರೆಯುತ್ತಾಳೆ. ಉಪಾಯ ಜಾಣತನದ್ದೇ, ಆದರೆ ಪಾತ್ರಕ್ಕೆ ಪೆಟ್ಟು ಬೀಳುತ್ತದೆ. ಪುಸ್ತಕದ ಫ್ಲೋರಾ ತನಗೆ ಐವತ್ತಮೂರು ಆಗುವವರೆಗೂ ಕಾದಂಬರಿ ಬರೆಯುವ ಆತುರವಿಲ್ಲ ಎನ್ನುವವಳು, ಅಚ್ಚುಕಟ್ಟೇ ಅವಳ ಉಸಿರು. ಕೆಟ್ಟ ಗದ್ಯ ಬರೆಯುವ ಫ್ಲೋರಾಳನ್ನು ಕಂಡಾಗ ನಗು ಭಾಷೆಯ ಕಡೆಯಿಂದ ಅವಳ ಕಡೆಗೆ ಜಾರುತ್ತದೆ. ನಮ್ಮ ಮಟ್ಟಿಗೆ ಇದೇ ಆ ಚಿತ್ರದ ದೊಡ್ಡ ನಷ್ಟ. ಕಥೆ ನಡೆಯುವುದು 'ಮುಂದಿನ ಕೆಲವು ವರ್ಷಗಳಲ್ಲಿ' ಎಂಬ ಪುಸ್ತಕದ ತಮಾಷೆಯನ್ನೂ ಅದು ಬಿಟ್ಟು, ನೇರ 1930ರ ದಶಕಕ್ಕೆ ಇಳಿದಿದೆ.

ಹಾಗೆಂದು 1995ರದನ್ನು ತಳ್ಳಿಹಾಕುವಂತಿಲ್ಲ. ಹೊಲಮನೆಯ ಪ್ರವಚನಕಾರ ನೆಂಟ ಏಮಸ್ ಆಗಿ ಇಯಾನ್ ಮೆಕೆಲನ್ ಕೊಡುವ ನರಕದ ಪ್ರವಚನವನ್ನು ಗಮನಿಸಿ. ಒಲೆಯಿಂದ ಕೇಕ್ ತೆಗೆಯುವಾಗ ಕೈ ಸುಟ್ಟರೆ ಬೆಣ್ಣೆ ಸವರುತ್ತೀರಿ, ನರಕದಲ್ಲಿ ಬೆಣ್ಣೆ ಎಲ್ಲಿಂದ ಬರಬೇಕು ಎಂಬ ಮಾತನ್ನು ಅವರು ಕಣ್ಣು ಮಿಟುಕಿಸದೆ ಹೇಳುತ್ತಾರೆ. ನಟ ಒಂದಿಷ್ಟು ನಕ್ಕಿದ್ದರೂ ದೃಶ್ಯ ಕೆಡುತ್ತಿತ್ತು. 1968ರಲ್ಲಿ ಇದೇ ಪಾತ್ರ ಅಲಸ್ಟರ್ ಸಿಮ್ ಅವರದು. ಒಂದು ಕಾಲಕ್ಕೆ ಎಡಿನ್‌ಬರೋದಲ್ಲಿ ವಾಚನಕಲೆ ಕಲಿಸುತ್ತಿದ್ದವರು. ಪ್ರವಚನಕ್ಕೆ ಅಂಥ ದನಿಯೇ ಬೇಕು. ಇಬ್ಬರಲ್ಲಿ ಯಾರು ಮೇಲೆಂದು ಹೇಳಲು ನಮಗೆ ಮನಸ್ಸಿಲ್ಲ. ಏಮಸ್‌ನ ಮಗ ಸೆತ್‌ನ ಪಾತ್ರದಲ್ಲಿ ಮಾತ್ರ ಪೀಟರ್ ಈಗನ್‌ಗಿಂತ ರೂಫಸ್ ಸೂಯೆಲ್ ಸಲೀಸಾಗಿ ಒಪ್ಪುತ್ತಾರೆ. ಫ್ರೆಡ್ಡಿ ಜೋನ್ಸ್ ಎರಡರಲ್ಲೂ ಇದ್ದಾರೆ: ಮೊದಲು ಆ ಮನೆಯವನೇ ಆದ ಅರ್ಕ್, ಇಪ್ಪತ್ತೇಳು ವರ್ಷದ ನಂತರ ಮುದುಕ ಆಳು ಆಡಮ್.

ಹೊಲಮನೆಯ ಒಡತಿ ಅಡಾ ಅತ್ತೆಯ ಭಾಗಕ್ಕೆ ಸಮಯ ಬೇಕು. ಸೌದೆಕೊಟ್ಟಿಗೆಯಲ್ಲಿ ಏನೋ ಕೆಟ್ಟದ್ದು ಕಂಡೆ ಎಂಬ ಒಂದೇ ಮಾತಿನಿಂದ ಮನೆಮಂದಿಯನ್ನೆಲ್ಲ ಕಟ್ಟಿಹಾಕಿದ ಮುದುಕಿಯ ಮನಸ್ಸು ಐದು ನಿಮಿಷದಲ್ಲಿ ತಿರುಗಿದರೆ ನಂಬುವುದು ಹೇಗೆ? ಮೂರು ಕಂತಿನ ಸಾವಧಾನ ಇಲ್ಲಿ ಕೈಹಿಡಿಯುತ್ತದೆ, ಒಂದೇ ಚಿತ್ರದ ಅವಸರ ಕೈಕೊಡುತ್ತದೆ.

ಪುಸ್ತಕ ಓದದವರು 1995ರದರಿಂದ ಶುರು ಮಾಡಿ, ಓದಿದವರು 1968ರದರಿಂದ. ಯಾವುದೇ ಆಗಲಿ, ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ. ಆದರೆ ಪ್ರತಿ ಪದಕ್ಕೂ ನಿಘಂಟು ತಿರುವಬೇಡಿ: 'ಸುಕ್‌ಬೈಂಡ್' ಎಂಬ ಬಳ್ಳಿಯಾಗಲಿ, ಮುಸುರೆ ತೊಳೆಯುವುದಕ್ಕೆ ಆಡಮ್ ಹೇಳುವ 'ಕ್ಲೆಟರಿಂಗ್' ಆಗಲಿ ಗಿಬ್ಬನ್ಸ್ ತಾವೇ ಕಟ್ಟಿದ ಪದಗಳು.